ಮಿಲಿಟರಿ ಪಂಚಾಕ್ಷರಯ್ಯನವರ ಕಾಣೆಯಾದ ಸೋಮವಾರ

ಪಂಚಾಕ್ಷರಯ್ಯನವರು ಮಿಲಿಟರಿಗೆ ಸೇರಿದ್ದು ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್ ದೇವಸ್ಥಾನದ ಕ್ಯಾಂಟೀನಿನಲ್ಲಿ, ಒಂದು ಪ್ಲೇಟ್ ಪುಳಿಯೋಗರೆಯ ಎದುರಿಗೆ. ಅಲ್ಲಿಯ ತನಕ ಅವರು ಪಿಸ್ಕಾಟವೇಯ ಒಂದು ಸಣ್ಣ ಕಂಪನಿಯಲ್ಲಿ ಹಳೆಯ ಪ್ರೋಗ್ರಾಮುಗಳಿಗೆ ತೇಪೆ ಹಾಕುವ ಕೆಲಸದಲ್ಲಿದ್ದರು. 1999ರ ಬೇಸಿಗೆ ಅದು. ಎರಡು ಸಾವಿರದ ಇಸವಿ ಬಂದ ಕ್ಷಣವೇ ಕಂಪ್ಯೂಟರುಗಳೆಲ್ಲ ಅದನ್ನು ಸಾವಿರದ ಒಂಬೈನೂರು ಎಂದು ತಿಳಿದು ತಲೆಕೆಟ್ಟು ಕೂರುತ್ತವೆ ಎಂದು ಅಮೆರಿಕವೇ ನಡುಗುತ್ತಿತ್ತು. ಆ ನಡುಕದ ಪುಣ್ಯದಿಂದ ನ್ಯೂಜೆರ್ಸಿಯ ಎಷ್ಟೋ ಕನ್ನಡದ ಮನೆಗಳಲ್ಲಿ ಒಲೆ ಉರಿಯುತ್ತಿತ್ತು. ಪಂಚಾಕ್ಷರಯ್ಯನವರದೂ ಅಂಥದ್ದೇ ಒಂದು ಒಲೆ.

ಪೆಸಿಫಿಕ್ ಸಾಗರದ ನಡುವೆ ಚೆಲ್ಲಾಡಿ ಬಿದ್ದ ಸಣ್ಣಪುಟ್ಟ ದ್ವೀಪಗಳಲ್ಲಿ ಸೈನ್ಯದ ಹವಾಮಾನ ಕೇಂದ್ರಗಳಿದ್ದವು. ಅಲ್ಲಿಯ ಕಂಪ್ಯೂಟರುಗಳು ಹೊಸ ಶತಮಾನ ದಾಟುತ್ತವೋ ಇಲ್ಲವೋ ಎಂದು ನೋಡಿಬರಲು ಸೈನ್ಯದ ಸರ್ವೆ ತಂಡವೊಂದು ಹೊರಟಿತ್ತು. ಜೊತೆಗೆ ಕಂಪನಿಯಿಂದ ಒಬ್ಬರು ಬೇಕು, ಅವರು ಅಮೆರಿಕದ ಸಿಟಿಜನ್ ಆಗಿರಬೇಕು ಎಂದಿದ್ದರು. ಒಬ್ಬನಿಗೆ ಹೆಂಡತಿಯ ಹೆರಿಗೆ ಹತ್ತಿರವಿತ್ತು, ಇನ್ನೊಬ್ಬನಿಗೆ ಸಮುದ್ರ ಕಂಡರೆ ವಾಂತಿ, ಮತ್ತೊಬ್ಬ ಮೀಟಿಂಗಿಗೇ ಬರಲಿಲ್ಲ. ಹಿಂದಿನ ವರ್ಷವಷ್ಟೇ ಸಿಟಿಜನ್ ಆಗಿದ್ದ ಪಂಚಾಕ್ಷರಯ್ಯನವರು ಬಂದಿದ್ದರು, ಅದೂ ಮುಂದಿನ ಸಾಲಿನಲ್ಲಿ ಕೂತಿದ್ದರು. ಆಯ್ಕೆ ಮುಗಿಯಿತು.

ಇದನ್ನು ಇದ್ದದ್ದು ಇದ್ದ ಹಾಗೆ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕ್ಯಾಂಟೀನಿನಲ್ಲಿ ಎದುರಿಗೆ ಕೂತಿದ್ದವರು ಶೈಲಮ್ಮನವರು. ತುಮಕೂರಿನ ಕಡೆಯವರು, ಹದಿನೆಂಟು ವರ್ಷದಿಂದ ಇಲ್ಲಿದ್ದವರು. ಅಮೆರಿಕದಲ್ಲಿದ್ದೂ ಆಚಾರ ಬಿಡದವರೆಂದು ಅಲ್ಲಿಯ ಕನ್ನಡ ಸಮಾಜದಲ್ಲಿ ಅವರಿಗೆ ದೊಡ್ಡ ಹೆಸರು. ಶ್ರಾವಣ ಸೋಮವಾರ ಬೆಳಗಾದರೆ ದೇವಸ್ಥಾನಕ್ಕೆ ಬಂದು, ಆಮೇಲೆ ಗಂಡನೊಡನೆ ರೂಟ್ 22 ಹೆದ್ದಾರಿಯ ಡೈನರ್ ಹೋಟೆಲಿನಲ್ಲಿ ಅಕ್ಕಿ ಮುಟ್ಟದೆ ಒಂದಿಷ್ಟು ಫಲಾಹಾರ ಮಾಡಿಯೇ ಆಫೀಸಿಗೆ ಹೋಗುತ್ತಿದ್ದರು. ಅವರ ಅಣ್ಣನ ಮಗ ಶಿವಕಿರಣ್ ಕ್ರ್ಯಾನ್‌ಬರಿಯ ಔಷಧ ಕಂಪನಿಯಲ್ಲಿದ್ದ, ಅಮೆರಿಕದಲ್ಲಿ ಅವನಿಗೆ ಹಿರಿಯರೆಂದರೆ ಈ ಅತ್ತೆಯೇ. ಅವನಿಗೂ ಪಂಚಾಕ್ಷರಯ್ಯನವರ ಹೆಂಡತಿ ನಂದಾಳ ತಂಗಿ ಮಂಜರಿಗೂ ಸಮಾಜದ ಪಿಕ್ನಿಕ್ಕಿನಲ್ಲಿ ಪರಿಚಯವಾಗಿ, ಪರಿಚಯ ಮುಂದುವರಿದು, ಈಗ ಇಬ್ಬರೂ ಫೋನಿನ ಬಿಲ್ಲಿನ ಮುಖ ನೋಡುವುದನ್ನೇ ಬಿಟ್ಟಿದ್ದರು. ಮದುವೆಗೆ ಅಡ್ಡಿ ಒಂದೇ. "ಹುಡುಗಿ ಚಿನ್ನ, ಆದ್ರೆ ಮನೇಲಿ ಆಚಾರ ಹೇಗೋ" ಎಂದು ಶೈಲಮ್ಮನವರು ತಲೆ ಆಡಿಸದೆ ಕೂತಿದ್ದರು. ಆ ತಲೆ ಆಡಿಸುವುದಕ್ಕೆಂದೇ ನಂದಾಳ ತಾಯಿ ಬಸಲಿಂಗಮ್ಮನವರು ಗದಗಿನಿಂದ ಬಂದು ಆರು ತಿಂಗಳ ವೀಸಾದ ಮೇಲೆ ಮಗಳ ಮನೆಯಲ್ಲಿ ತಳ ಊರಿದ್ದರು.

"ಏನ್ ಪಂಚಾಕ್ಷರಯ್ಯನೋರೆ, ಹವಾಯಿ ಟಿಕೆಟ್ ಬುಕ್ ಮಾಡಿದೀರಂತೆ, ವೆಕೇಶನ್ನಾ?" ಎಂದರು ಶೈಲಮ್ಮ.

"ವೆಕೇಶನ್ ಎಲ್ಲಿ ಬಂತು ಶೈಲಕ್ಕ. ಮಿಲಿಟರಿ ಸರ್ವೆ. ಪೆಸಿಫಿಕ್‌ಗೆ." ಪಂಚಾಕ್ಷರಯ್ಯನವರು ದನಿ ತಗ್ಗಿಸಿದರು. "ಜಾಸ್ತಿ ಹೇಳೋ ಹಾಗಿಲ್ಲ."

ಜಾಸ್ತಿ ಹೇಳಲು ಅವರ ಹತ್ತಿರ ಏನೂ ಇರಲಿಲ್ಲ ಎನ್ನುವುದು ಬೇರೆ ಮಾತು.

"ಶ್ರಾವಣ ಮಾಸದಲ್ಲಿ ಹೊರಟಿದೀರಲ್ಲ. ಸೋಮವಾರಗಳು?"

ಪಂಚಾಕ್ಷರಯ್ಯನವರು ಹುಟ್ಟಿದಾಗಿನಿಂದ ಒಂದು ಹೊತ್ತು ಉಪವಾಸವಿದ್ದವರಲ್ಲ. ಆದರೆ ಮಿಲಿಟರಿಗೆ ಸೇರಿ ಎರಡು ನಿಮಿಷವಾಗಿದ್ದ ಮನುಷ್ಯ ಹಿಂದೆಗೆಯುವುದು ಹೇಗೆ? "ಎಲ್ಲಿದ್ರೂ ಸೋಮವಾರ ಸೋಮವಾರಾನೇ ಅಲ್ವಾ" ಎಂದುಬಿಟ್ಟರು.

ಪಕ್ಕದಲ್ಲಿ ಕೂತಿದ್ದ ಬಸಲಿಂಗಮ್ಮನವರು ಇದಕ್ಕೇ ಕಾದಿದ್ದವರಂತೆ ಬಾಯಿ ಹಾಕಿದರು. "ಹೌದ್ರಿ ಶೈಲಮ್ಮಾರ. ನಮ್ಮ ಮಂಜರಿ ಲಗ್ನದ ಸಲುವಾಗಿ ನಮ್ಮ ಅಳಿಯಂದ್ರು ಶ್ರಾವಣದ ಎಲ್ಲಾ ಸೋಮವಾರ ಹಿಡದಾರ. ಹೊತ್ತು ಮುಣಗೂತನಕ ಹಾಲು ನೀರು ಬಿಟ್ಟು ಒಂದು ಕಾಳು ಮುಟ್ಟಂಗಿಲ್ಲ. ಗುಂಡು ಹಾರಲಿ, ತೋಪು ಸಿಡೀಲಿ, ಸೋಮವಾರ ಅಂದ್ರ ಸೋಮವಾರ!"

ತಾವು ಇಂಥದ್ದೊಂದು ವ್ರತ ಹಿಡಿದಿರುವುದು ಪಂಚಾಕ್ಷರಯ್ಯನವರಿಗೂ ಶೈಲಮ್ಮನವರಿಗೂ ಒಂದೇ ಸಲ ಗೊತ್ತಾಯಿತು. ಶೈಲಮ್ಮನವರ ಕಣ್ಣು ಒದ್ದೆಯಾಯಿತು. "ಇಂಥ ಭಾವ ಇರೋ ಮನೇಲಿ ಆಚಾರ ಹೇಗೆ ಅಂತ ನಾನು ಕೇಳಿದ್ನಲ್ಲ! ಹೋಗಿಬನ್ನಿ. ಶ್ರಾವಣ ಚೆನ್ನಾಗಿ ಮುಗೀಲಿ, ಎಲೆ ಅಡಿಕೆ ಮಾತಾಡೋಣ."

ಹೀಗೆ ಮಂಜರಿಯ ಮದುವೆ ಪಂಚಾಕ್ಷರಯ್ಯನವರ ಹೊಟ್ಟೆಯ ಮೇಲೆ ನಿಂತಿತು.

ಮುಂದಿನ ವಾರವೆಲ್ಲ ಅವರು ಆರು ಜೇಬಿನ ಖಾಕಿ ಪ್ಯಾಂಟಿನಲ್ಲೇ ಓಡಾಡಿದರು. ಮೀಸೆಯನ್ನು ಕತ್ತರಿಸಿ ನೇರ ಮಾಡಿಕೊಂಡರು. ಸಮಾಜದಲ್ಲಿ "ಮಿಲಿಟರಿ ಪಂಚಾಕ್ಷರಯ್ಯ" ಎಂಬ ಹೆಸರು ಬಂತು, ಅವರು ಬೇಡವೆನ್ನಲಿಲ್ಲ. ಯಾರದೋ ಷಡ್ಡಕ ಗುವಾಮ್ ದ್ವೀಪದಲ್ಲಿದ್ದಾನೆಂದು ಒಂದು ಡಬ್ಬಿ ಮಾವಿನಕಾಯಿ ಉಪ್ಪಿನಕಾಯಿ ಬಂತು. ಗುವಾಮಿಗೂ ತಾವು ಹೋಗುವ ದ್ವೀಪಗಳಿಗೂ ಸಾವಿರಾರು ಮೈಲಿ ಎಂದು ಹೇಳಿದರೆ ಗೌರವಕ್ಕೆ ಕಡಿಮೆಯೆಂದು ಅದನ್ನೂ ತುಂಬಿಕೊಂಡರು. ಅತ್ತೆಯ ಎದುರಿಗೆ ಮಾತ್ರ ಪೆಟ್ಟಿಗೆಯಿಂದ ಹೊರಬರುತ್ತಿದ್ದ ಲಿಂಗ ಈಗ ಕೊರಳಲ್ಲೇ ಉಳಿಯಿತು. ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಬಸಲಿಂಗಮ್ಮನವರು ಹಣೆಗೆ ವಿಭೂತಿ ಹಚ್ಚಿದರು. ಒಂಬತ್ತು ವರ್ಷದ ಮಗಳು ಭೂಮಿಕಾ ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಅಪ್ಪಾ, ಯೂ ಲುಕ್ ಲೈಕ್ ದ ಗೈ ಅಟ್ ದ ಝೂ" ಎಂದಳು.

ಹವಾಯಿಯಿಂದ ಮುಂದೆ ಸೈನ್ಯದ ಸಾಮಾನು ಸಾಗಿಸುವ ವಿಮಾನ. ಅದರಲ್ಲಿ ಸೀಟೆಂದರೆ ಗೋಡೆಗೆ ಕಟ್ಟಿದ ಒಂದು ಪಟ್ಟಿ. ಭಾನುವಾರ ರಾತ್ರಿ ಹೊಟ್ಟೆ ತುಂಬ ಉಂಡು, ನಾಳೆಯ ಉಪವಾಸಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಪಂಚಾಕ್ಷರಯ್ಯನವರು ಹತ್ತಿದರು. ಬೆಳಗಿನ ಜಾವ ಇಳಿದಾಗ ಸರ್ವೆ ತಂಡದ ಸಾರ್ಜೆಂಟ್ "ಹ್ಯಾಪಿ ಟ್ಯೂಸ್‌ಡೇ" ಎಂದ. ಸಾಗರದ ನಡುವೆ ದಿನರೇಖೆ, ಅಂದರೆ ತಾರೀಖು ಬದಲಾಗುವ ಗೆರೆ, ದಾಟಿದರೆ ಒಂದು ದಿನ ಮುಂದಕ್ಕೆ ಜಿಗಿಯುತ್ತದೆಂದು ಅವನು ವಿವರಿಸಿದ. ಸೋಮವಾರ ವಿಮಾನದ ಕೆಳಗೆ ಎಲ್ಲೋ ನೀರಿಗೆ ಬಿದ್ದುಹೋಗಿತ್ತು. ಪಂಚಾಕ್ಷರಯ್ಯನವರಿಗೆ ಶಿವನೇ ರಜೆ ಕೊಟ್ಟಷ್ಟು ಖುಷಿಯಾಯಿತು.

ಅವರ ಕೆಲಸವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಒಂದೊಂದು ಕೇಂದ್ರಕ್ಕೆ ಹೋಗಿ ಕಂಪ್ಯೂಟರಿನ ಮುಂದೆ ಕೂತು, ಅದರ ತಾರೀಖನ್ನು ಡಿಸೆಂಬರ್ ಕೊನೆಯ ನಿಮಿಷಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದು, ಹೊಸ ಶತಮಾನ ಬರುವುದನ್ನು ನೋಡಿ, ಮತ್ತೆ ಹಿಂದಕ್ಕೆ ತಿರುಗಿಸಿ ಏಳುವುದು. ಒಂದು ಮಧ್ಯಾಹ್ನದಲ್ಲಿ ಎರಡೆರಡು ಸಲ ಶತಮಾನ ಬದಲಾಗುತ್ತಿತ್ತು. ಉಳಿದ ಹೊತ್ತು ಅವರು, ಸಿಪಾಯಿಗಳು ಗಾಳಿಯ ವೇಗ ಅಳೆಯಲು ಬಿಡುವ ಬೆಲೂನನ್ನು ನೋಡುತ್ತಿದ್ದರು. ಒಮ್ಮೆ ಫೋಟೋಕ್ಕೆಂದು ಅದರ ದಾರ ಹಿಡಿಯಲು ಹೋಗಿ, ಅದು ಎಳೆದುಕೊಂಡು ಹೋಗಿ ಏಡಿಗಳ ಬಿಲದ ಮೇಲೆ ಕೆಡವಿದ್ದನ್ನು ಅವರು ಮುಂದೆ ಯಾರಿಗೂ ಹೇಳಲಿಲ್ಲ. ಇರಲಿ. ಜಗತ್ತಿನ ಕಂಪ್ಯೂಟರುಗಳಿಗೆ ತಾರೀಖು ಕಲಿಸಲು ಹೋದ ಈ ಮನುಷ್ಯ, ತಾನು ಬಂದಿಳಿದ ದಿನ ನ್ಯೂಜೆರ್ಸಿಯಲ್ಲಿ ಯಾವ ವಾರ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ.

ಆ ಮಂಗಳವಾರವೇ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕೇಂದ್ರದ ಫೋನಿನಿಂದ ಮನೆಗೆ ಮಾತಾಡಲು ಅನುಮತಿ ಸಿಕ್ಕಿತು. ಬಸಲಿಂಗಮ್ಮನವರೇ ಎತ್ತಿದರು.

"ಅಳಿಯಂದ್ರ, ಆರಾಮ ಮುಟ್ಟಿದ್ರೇನು? ನಾವು ಈಗ ಸೋಮವಾರದ ಸಂಜಿ ಪೂಜಿಗೆ ಕುಂತೇವಿ. ಶೈಲಮ್ಮಾರೂ ಬಂದಾರ. ಸ್ಪೀಕರ್ ಹಾಕೇನಿ."

"ಆರಾಮ ಅತ್ತೆ."

"ಏನೋ ಕಡಿಯೋ ಸಪ್ಪಳ ಬರಾಕತ್ತೈತಲ್ಲ?"

"ಅವಲಕ್ಕಿ ಅತ್ತೆ. ನೀವೇ ಕಟ್ಟಿಕೊಟ್ಟಿದ್ದು. ಬಹಳ ರುಚಿಯಾಗಿದೆ."

"ಅಯ್ಯೋ, ಸೋಮವಾರ ಅವಲಕ್ಕೀನಾ!" ಎಂದಿತು ಶೈಲಮ್ಮನವರ ದನಿ.

"ಇಲ್ಲಿ ಮಂಗಳವಾರ ಅತ್ತೆ! ಸೋಮವಾರ ಬರಲೇ ಇಲ್ಲ!" ಎಂದು ಪಂಚಾಕ್ಷರಯ್ಯನವರು ಕೂಗಿದರು. ಅಷ್ಟರಲ್ಲಿ ಸೈನ್ಯದ ಲೈನು ಕಟ್ಟಾಯಿತು.

ಅವರು ದ್ವೀಪದಿಂದ ದ್ವೀಪಕ್ಕೆ ಹಾರುತ್ತಿದ್ದಾಗ ನ್ಯೂಜೆರ್ಸಿಯಲ್ಲಿ ಆ ವಾಕ್ಯವೂ ಮನೆಯಿಂದ ಮನೆಗೆ ಹಾರಿತು. ಸೋಮವಾರ ಬರಲೇ ಇಲ್ಲವಂತೆ! ಎಡಿಸನ್ನಿನಲ್ಲಿ ಒಬ್ಬರು, ಮಿಲಿಟರಿಯವರು ಹೊಡೆದು ತಿನ್ನಿಸಿರಬೇಕು ಎಂದರು. ಇನ್ನೊಬ್ಬರು, ಅಲ್ಲಿ ಹವಾಮಾನ ನೋಡಿ ವಾರ ಹೇಳುತ್ತಾರಂತೆ ಎಂದರು. ದೇವಸ್ಥಾನದ ಅರ್ಚಕರು, ಸಂಕಲ್ಪ ಎಲ್ಲಿ ಮಾಡಿದರೋ ಅಲ್ಲಿಯ ವಾರವೇ ಲೆಕ್ಕ ಎಂದು ಒಂದು ದಿನ, ದೇಹ ಎಲ್ಲಿದೆಯೋ ಅಲ್ಲಿಯದು ಎಂದು ಮಾರನೆಯ ದಿನ ಅಪ್ಪಣೆ ಕೊಡಿಸಿದರು. ಬಸಲಿಂಗಮ್ಮನವರು ಕಾಲಿಂಗ್ ಕಾರ್ಡು ಹಾಕಿ ಗದಗಿನ ಕಡೆಯ ತಮ್ಮ ಮಠಕ್ಕೇ ಫೋನ್ ಮಾಡಿಸಿದರು. ಅಲ್ಲಿ ಫೋನೆತ್ತಿದ ಮರಿಸ್ವಾಮಿಗಳು ಎಲ್ಲ ಕೇಳಿ, "ಸೋಮವಾರ ಇಲ್ಲದಂಥಾ ಜಾಗಕ್ಕ ಇವರು ಯಾಕ ಹೋಗಿದ್ರು?" ಎಂದು ತಿರುಗಿ ಕೇಳಿದರು. ಶೈಲಮ್ಮನವರು ಮಾತ್ರ "ನೋಡೋಣ" ಎಂದರು ಅಷ್ಟೆ. ಮದುವೆಯ ಮಾತಿನಲ್ಲಿ "ನೋಡೋಣ" ಎಂದರೆ ಏನೆಂದು ಹೆಣ್ಣು ಹೆತ್ತವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದಾವುದೂ ಗೊತ್ತಿಲ್ಲದ ಪಂಚಾಕ್ಷರಯ್ಯನವರು ಮುಂದಿನ ಎರಡು ಸೋಮವಾರಗಳನ್ನು ದ್ವೀಪಗಳಲ್ಲಿ ನಿಯತ್ತಾಗಿ ಮಾಡಿದರು. ಕೊನೆಯ ದ್ವೀಪದಲ್ಲಿ ಸೋಮವಾರ ಸೂರ್ಯ ಮುಳುಗುವ ತನಕ ಹಾಲಿನ ಪುಡಿ ಕಲಸಿದ ನೀರು ಕುಡಿದು, ಆಮೇಲೆ ಉಂಡು, ಎದೆ ಉಬ್ಬಿಸಿಕೊಂಡೇ ವಿಮಾನ ಹತ್ತಿದರು. ಆದರೆ ನ್ಯೂವಾರ್ಕಿನಲ್ಲಿ ಇಳಿದಾಗ ವಿಭೂತಿಯೂ ಇಲ್ಲ, ಅತ್ತೆಯೂ ಇಲ್ಲ. ನಂದಾ ಕಾರನ್ನು ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹೆದ್ದಾರಿಗೆ ತಿರುಗಿಸಿ ರೇಡಿಯೋ ಜೋರು ಮಾಡಿದಳು.

ಹಿಂದಿನ ಸೀಟಿನಲ್ಲಿದ್ದ ಮಂಜರಿಯೇ ಕೊನೆಗೆ ಬಾಯಿಬಿಟ್ಟಳು. ಅವರ ಕಡೆ ಅಕ್ಕನ ಗಂಡನಿಗೆ ಮಾಮಾ ಎನ್ನುತ್ತಾರೆ. "ಮಾಮಾ, ನಿಮ್ಮ ಅವಲಕ್ಕಿಯಿಂದ ನನ್ನ ಲಗ್ನ ನಿಂತೈತಿ. ಅವರತ್ತಿ ಹೂಂ ಅನ್ನಲಿಲ್ಲಂದ್ರ ಶಿವಕಿರಣ್ ಮುಂದ ಹೆಜ್ಜಿ ಇಡಂಗಿಲ್ಲ. ನೀವ ಏನಾರ ಮಾಡ್ರಿ." ಪಂಚಾಕ್ಷರಯ್ಯನವರಿಗೆ ತಮ್ಮ ಖಾಕಿ ಪ್ಯಾಂಟಿನ ಆರೂ ಜೇಬುಗಳ ಬಗ್ಗೆ ನಾಚಿಕೆಯಾಯಿತು. ಈ ಹುಡುಗಿ ಕಾಲೇಜಿಗೆ ಹೋಗುವ ಕಾಲದಿಂದ ಅವರನ್ನು ನಂಬಿದವಳು.

ಲೇಬರ್ ಡೇ ರಜೆಯ ಹಿಂದಿನ ದಿನ, ಭಾನುವಾರ, ಶೈಲಮ್ಮನವರ ಮನೆಯಲ್ಲಿ ಪಂಚಾಯಿತಿ ಸೇರಿತು. ಬ್ರಿಡ್ಜ್‌ವಾಟರಿನ ದೊಡ್ಡ ಮನೆ, ದೊಡ್ಡ ಸೋಫಾ. ಒಂದು ಕಡೆ ಶೈಲಮ್ಮ, ಅವರ ಗಂಡ ಪ್ರಭಾಕರ, ಮತ್ತು ನೆಲ ನೋಡುತ್ತಿದ್ದ ಶಿವಕಿರಣ್. ಪ್ರಭಾಕರ ಮಿತಭಾಷಿ, ಹೆಂಡತಿ ಕೇಳದ ಹೊರತು ಅಭಿಪ್ರಾಯ ಇಟ್ಟುಕೊಳ್ಳದ ಮನುಷ್ಯ. ಇನ್ನೊಂದು ಕಡೆ ಪಂಚಾಕ್ಷರಯ್ಯನವರ ಕುಟುಂಬ. ನಡುವೆ ಟೀಪಾಯಿಯ ಮೇಲೆ ಒಂದು ಕಿತ್ತಳೆ ಹಣ್ಣು. ಅದನ್ನು ತಂದವರು ಪಂಚಾಕ್ಷರಯ್ಯನವರೇ, ಭೂಗೋಳ ವಿವರಿಸುವುದಕ್ಕೆ.

"ನೋಡಿ ಶೈಲಕ್ಕ, ಇದು ಭೂಮಿ. ಇಲ್ಲಿ ನಮ್ಮ ನ್ಯೂಜೆರ್ಸಿ." ಅವರು ಹಣ್ಣಿನ ಬೆನ್ನಿಗೆ ಪೆನ್ನಿನಿಂದ ಉದ್ದಕ್ಕೆ ಗೀಚಿದರು. "ಇದು ದಿನರೇಖೆ. ಇದನ್ನ ದಾಟಿದ್ರೆ ಒಂದು ದಿನ ಮುಂದೆ ಹೋಗ್ತೀವಿ."

ಬಸಲಿಂಗಮ್ಮನವರು ಕಿತ್ತಳೆಯನ್ನು ಕೈಗೆತ್ತಿಕೊಂಡು ತಿರುಗಿಸಿದರು. "ಈ ಗೆರಿ ಅಲ್ಲಿ ಸಮುದ್ರದಾಗ ಕಾಣತೈತೇನು?"

"ಇಲ್ಲ ಅತ್ತೆ. ಅದು ಬರೀ ಕಲ್ಪನೆ."

"ಅಂದ್ರ ಇಲ್ಲದ ಗೆರಿ ದಾಟಿ ಇದ್ದ ಸೋಮವಾರ ಕಳಕೊಂಡ್ರಿ."

ಪಂಚಾಕ್ಷರಯ್ಯನವರು ಪೆನ್ನು ಮುಚ್ಚಿ ಜೇಬಿಗಿಟ್ಟರು. ಶೈಲಮ್ಮನವರು ನಿಟ್ಟುಸಿರು ಬಿಟ್ಟು, "ತಪ್ಪು ಅವರದೂ ಅಲ್ಲ ಬಿಡಿ. ಆದ್ರೆ ಮೊದಲನೇ ಸಂಕಲ್ಪದಲ್ಲೇ ಹೀಗಾಯ್ತಲ್ಲ ಅಂತ ಮನಸ್ಸಿಗೆ ಒಂಥರಾ" ಎಂದರು. ಮಂಜರಿ ಮುಖ ಆ ಕಡೆ ತಿರುಗಿಸಿದಳು.

ಮೂಲೆಯಲ್ಲಿ ಗೇಮ್ ಆಡುತ್ತಿದ್ದ ಭೂಮಿಕಾ ತಲೆಯೆತ್ತದೆ ಹೇಳಿದಳು: "ಬಟ್ ಹಿ ಗಾಟ್ ಟೂ ಮಂಡೇಸ್ ಕಮಿಂಗ್ ಬ್ಯಾಕ್."

"ಏನಂದ್ಳು?" ಎಂದರು ಬಸಲಿಂಗಮ್ಮ.

ಶಿವಕಿರಣ್ ಸೋಫಾದಿಂದ ಎದ್ದೇಬಿಟ್ಟ. "ಎಗ್ಸಾಕ್ಟ್ಲಿ! ಅತ್ತೆ, ಹೋಗ್ತಾ ಒಂದು ಸೋಮವಾರ ಹೋಯ್ತು, ಬರ್ತಾ ಅದೇ ಲೈನ್ ಹಿಂದಕ್ಕೆ ದಾಟಿದಾರೆ. ಅಲ್ಲಿ ಸೋಮವಾರ ಮುಗಿಸಿ ಹೊರಟ್ರೆ ಹವಾಯಿಯಲ್ಲಿ ಮತ್ತೆ ಸೋಮವಾರ. ಒಂದು ಹೋಯ್ತು, ಒಂದು ಬಂತು. ಟ್ಯಾಲಿ ಆಯ್ತಲ್ಲ!"

ಕ್ಷಣದಲ್ಲಿ ಮನೆಯ ಕಳೆಯೇ ಬದಲಾಯಿತು. ನಂದಾ ಮಗಳನ್ನು ಬಾಚಿ ಮುದ್ದಿಟ್ಟಳು. ಬಸಲಿಂಗಮ್ಮನವರು ಕಿತ್ತಳೆಯನ್ನು ಕಣ್ಣಿಗೊತ್ತಿಕೊಂಡರು. "ಶಿವ ಕಸಗೊಂಡಂಗ ಮಾಡಿ ತಿರುಗಿ ಕೊಟ್ಟಾನ ನೋಡ್ರಿ!" ಶೈಲಮ್ಮನವರ ಮುಖ ಅರಳಿ, ತಲೆ ಆಡಲು ಶುರುವಾಗಿತ್ತು, ಅರ್ಧ ಆಡಿದ ಮೇಲೆ ನಿಂತಿತು.

"ಅಂದ್ರೆ ಪಂಚಾಕ್ಷರಯ್ಯನೋರೆ, ಆ ಹವಾಯಿ ಸೋಮವಾರಾನೂ ಉಪವಾಸ ಇದ್ರಿ ತಾನೇ?"

ಪಂಚಾಕ್ಷರಯ್ಯನವರ ಕಣ್ಣ ಮುಂದೆ ಹವಾಯಿಯ ಆ ಬೆಳಗು ಬಂತು. ಸೋಮವಾರ ಮುಗಿಯಿತೆಂಬ ಸಂಭ್ರಮ, ಸಾರ್ಜೆಂಟ್ ಕೊಡಿಸಿದ ತಿಂಡಿ, ಒಂದರ ಮೇಲೊಂದು ಪೇರಿಸಿದ ಬಿಸಿಬಿಸಿ ಪ್ಯಾನ್‌ಕೇಕು, ಮೇಲೆ ಕರಗುತ್ತಿದ್ದ ಬೆಣ್ಣೆ. ಕಂಪ್ಯೂಟರುಗಳಿಗೆಲ್ಲ ತಾರೀಖು ತಿರುಗಿಸಿ ಬಂದವರು ತಮ್ಮ ಕೈಗಡಿಯಾರದ ತಾರೀಖು ತಿರುಗಿಸಿರಲಿಲ್ಲ. ಮಂಜರಿ ಉಸಿರು ಹಿಡಿದು ಅವರನ್ನೇ ನೋಡುತ್ತಿದ್ದಳು.

"ಹೂಂ" ಎಂದರು.

"ಹಂಗ ಹೂಂ ಅಂದ್ರ ಆಗಂಗಿಲ್ಲ" ಎಂದರು ಬಸಲಿಂಗಮ್ಮ, ಗೆದ್ದ ಹುಮ್ಮಸ್ಸಿನಲ್ಲಿ. "ಕೊರಳಾಗಿನ ಲಿಂಗ ಮುಟ್ಟಿ ಹೇಳಿಬಿಡ್ರಿ ಅಳಿಯಂದ್ರ. ಅವರ ಮನಸಿನಾಗ ಎಳ್ಳಷ್ಟು ಸಂಶಯ ಉಳೀಬಾರದು."

ಪಂಚಾಕ್ಷರಯ್ಯನವರ ಕೈ ಕೊರಳ ತನಕ ಹೋಯಿತು, ಅಂಗಿಯ ಗುಂಡಿ ಸರಿಮಾಡಿತು, ಕೆಳಗಿಳಿಯಿತು. ಕ್ಯಾಂಟೀನಿನಲ್ಲಿ ಎಷ್ಟು ಬೇಕಾದರೂ ಬುರುಡೆ ಬಿಡಬಹುದು. ಇದನ್ನು ಮುಟ್ಟಿ ಬಿಡುವುದು ಅವರಿಂದಾಗಲಿಲ್ಲ. "ಇಲ್ಲ ಅತ್ತೆ" ಎಂದರು. "ತಿಂದೆ. ನಾನೊಬ್ಬ ದಡ್ಡ. ನನ್ನ ತಪ್ಪಿಗೆ ಹುಡುಗಿಯನ್ನ ಶಿಕ್ಷಿಸಬೇಡಿ ಶೈಲಕ್ಕ. ಮಿಲಿಟರಿ ಗಿಲಿಟರಿ ಎಲ್ಲ ಬರೀ ಜಂಭ. ನಾನು ಹೋಗಿದ್ದು ಗಡಿಯಾರ ತಿರುಗಿಸೋಕೆ."

"ಏನು ತಿಂದ್ರಿ?" ಬಸಲಿಂಗಮ್ಮನವರ ದನಿ ಪಾತಾಳದಿಂದ ಬಂತು.

"ಪ್ಯಾನ್‌ಕೇಕ್."

"ಹಂಗಂದ್ರ?"

"ನಮ್ಮ ದೋಸೆ ಇದ್ದ ಹಾಗೆ ಅತ್ತೆ. ಮೈದಾ, ಹಾಲು, ಸಕ್ಕರೆ."

ಶೈಲಮ್ಮನವರು ಕೈ ಎದೆಯ ಮೇಲಿಟ್ಟುಕೊಂಡು ನಕ್ಕೇಬಿಟ್ಟರು. "ಅಯ್ಯೋ ದೇವರೇ, ಪ್ಯಾನ್‌ಕೇಕಾ! ನಾನು ಇನ್ನೇನೋ ಅಂತ ಹೆದರಿದೆ. ಅದು ಫಲಾಹಾರಾನೇ ಅಲ್ವೇನ್ರೀ! ಅಕ್ಕಿ ಇಲ್ಲ, ಬೇಳೆ ಇಲ್ಲ. ಶ್ರಾವಣ ಸೋಮವಾರ ನಾನು ಡೈನರಿನಲ್ಲಿ ತಿನ್ನೋದು ಇನ್ನೇನು? ಹದಿನೆಂಟು ವರ್ಷದಿಂದ ಅದೇ. ವ್ರತಕ್ಕೆ ಏನೂ ಆಗಿಲ್ಲ ಬಿಡಿ!"

ಪಂಚಾಕ್ಷರಯ್ಯನವರಿಗೆ ಹೋದ ಜೀವ ಬಂತು. ಮಂಜರಿ ಅಕ್ಕನ ಹೆಗಲಿಗೆ ಒರಗಿದಳು. ಶೈಲಮ್ಮನವರು ಸಕ್ಕರೆ ತರಲು ಎದ್ದರು.

"ಪ್ಯಾನ್‌ಕೇಕ್ಸ್ ಹ್ಯಾವ್ ಎಗ್ಸ್, ಯೂ ನೋ" ಎಂದಳು ಭೂಮಿಕಾ, ಗೇಮಿನಿಂದ ಕಣ್ಣು ತೆಗೆಯದೆ.

ಅಡುಗೆಮನೆಯ ಬಾಗಿಲಲ್ಲಿ ಶೈಲಮ್ಮನವರು ನಿಂತಲ್ಲೇ ನಿಂತರು. ಪಂಚಾಕ್ಷರಯ್ಯನವರಿಗೂ ಈ ಸಂಗತಿ ಗೊತ್ತಾದದ್ದು ಆಗಲೇ. ಎಗ್ ಎಂದರೇನೆಂದು ಬಸಲಿಂಗಮ್ಮನವರಿಗೆ ಯಾರೂ ಅನುವಾದಿಸಬೇಕಾಗಿರಲಿಲ್ಲ.

"ಆ ಡೈನರಿನವರು... ಅವರು ಹಾಕಲ್ಲ ಅನ್ಸುತ್ತೆ" ಎಂದರು ಶೈಲಮ್ಮ, ಮೆಲ್ಲಗೆ. "ಅಲ್ವೇನ್ರೀ?"

ಪ್ರಭಾಕರ ಸೀಲಿಂಗನ್ನು ನೋಡುತ್ತಿದ್ದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಎಲ್ಲರ ಕಣ್ಣೂ ಈಗ ಬಸಲಿಂಗಮ್ಮನವರ ಮೇಲೆ. ಇಡೀ ಕೋಣೆಯಲ್ಲಿ ಶ್ರಾವಣದ ಒಂದು ಸೋಮವಾರವನ್ನೂ ಕೆಡಿಸದವರೆಂದರೆ ಅವರೊಬ್ಬರೇ. ಅವರು ಅಳಿಯನನ್ನು ನೋಡಿದರು, ಮಗಳನ್ನು ನೋಡಿದರು, ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದ ಶೈಲಮ್ಮನವರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಟೀಪಾಯಿಯ ಮೇಲಿದ್ದ ಭೂಮಂಡಲವನ್ನು ಎತ್ತಿಕೊಂಡು ನಿಧಾನವಾಗಿ ಸಿಪ್ಪೆ ಸುಲಿಯತೊಡಗಿದರು.

"ಗೊತ್ತಿಲ್ದ ತಿಂದದ್ದನ್ನ ಶಿವ ಲೆಕ್ಕಕ್ಕ ಹಿಡಿಯಂಗಿಲ್ಲ" ಎಂದು, ಒಂದು ತೊಳೆ ಬಿಡಿಸಿ ಶೈಲಮ್ಮನವರತ್ತ ಚಾಚಿದರು. "ನಿಮ್ಮದೂ ಹಿಡಿಯಂಗಿಲ್ಲ, ನಮ್ಮದೂ ಹಿಡಿಯಂಗಿಲ್ಲ. ಹೌದಲ್ರಿ ಬೀಗರ?"

ಬೀಗರೆಂದು ಅವರು ಕರೆದದ್ದು ಅದೇ ಮೊದಲು.

"ಹೌದು ಬೀಗರೇ, ಹೌದು" ಎಂದು ಶೈಲಮ್ಮನವರು ಓಡಿಬಂದು ತೊಳೆ ತೆಗೆದುಕೊಂಡರು. ತಲೆ ಈ ಸಲ ಪೂರ್ತಿ ಆಡಿತು. "ತಡ ಯಾಕೆ? ನಾಳೆ ಲೇಬರ್ ಡೇ, ಎಲ್ಲರಿಗೂ ರಜ. ನಾಳೆಯೇ ಎಲೆ ಅಡಿಕೆ ಬದಲಾಯಿಸಿಬಿಡೋಣ. ಈ ಪ್ಯಾನ್‌ಕೇಕ್ ವಿಷಯ ಮಾತ್ರ ಸಮಾಜದಲ್ಲಿ ಯಾರ ಕಿವಿಗೂ ಬೀಳೋದು ಬೇಡ."

ಮಾರನೆಯ ದಿನ ಬೆಳಗಿನ ಒಂಬತ್ತರೊಳಗೆ ಮಿಲಿಟರಿ ಪಂಚಾಕ್ಷರಯ್ಯನವರು ಸಮಾಜದ ಬಾಯಲ್ಲಿ ಪ್ಯಾನ್‌ಕೇಕ್ ಪಂಚಾಕ್ಷರಯ್ಯ ಆಗಿದ್ದರು. ಶೈಲಮ್ಮನವರ ಹೆಸರಿಗೆ ಮಾತ್ರ ಏನೂ ಅಂಟಲಿಲ್ಲ. ಎಲೆ ಅಡಿಕೆ ಸಾಂಗವಾಗಿ ಬದಲಾಯಿತು. ಮಂಜರಿ ಅಂದು ನಕ್ಕಂಥ ನಗುವನ್ನು ಪಂಚಾಕ್ಷರಯ್ಯನವರು ಹಿಂದೆ ನೋಡಿರಲಿಲ್ಲ. ಹೆಸರು ಹೋದದ್ದಕ್ಕೆ ಅವರಿಗೆ ಅಷ್ಟೇನೂ ಬೇಜಾರಾಗಲಿಲ್ಲ. ಬಂದವರಿಗೆಲ್ಲ ಹೋಳಿಗೆ ಊಟ. ಆದರೆ ಅದು ಶ್ರಾವಣದ ಕೊನೆಯ ಸೋಮವಾರ. ಕಳೆದದ್ದು, ಕೆಟ್ಟದ್ದು ಎಲ್ಲ ಸೇರಿಸಿ ಇದೊಂದನ್ನಾದರೂ ನೆಟ್ಟಗೆ ಮುಗಿಸಿರೆಂದು ಅತ್ತೆ ಅವರನ್ನು ಹಿತ್ತಲಿನ ಮರದ ಜಗಲಿಯ, ಅಂದರೆ ಡೆಕ್ಕಿನ ಮೇಲೆ ಒಂದು ಲೋಟ ಹಾಲು ಕೊಟ್ಟು ಕೂರಿಸಿದ್ದರು.

ತುಪ್ಪದ ವಾಸನೆ ಅಲ್ಲಿಯ ತನಕ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ಸರಿದು ಪ್ರಭಾಕರ ಬಂದರು. ಅವರ ಕೈಯಲ್ಲೂ ಒಂದು ಲೋಟ ಹಾಲಿತ್ತು. ಪಕ್ಕದ ಕುರ್ಚಿಯಲ್ಲಿ ಕೂತು, "ಇನ್ಮೇಲೆ ಡೈನರ್ ಬಂದ್ ಅಂತೆ" ಎಂದರು.

"ನಿಮಗೆ ಮೊದಲೇ ಗೊತ್ತಿತ್ತಾ ಅಣ್ಣ, ಅದರಲ್ಲಿ ಮೊಟ್ಟೆ ಇರುತ್ತೆ ಅಂತ?" ಎಂದು ಪಂಚಾಕ್ಷರಯ್ಯನವರು ಮೆಲ್ಲಗೆ ಕೇಳಿದರು.

"ಹದಿನೆಂಟು ವರ್ಷದಿಂದ ಗೊತ್ತು" ಎಂದರು ಪ್ರಭಾಕರ. "ವರ್ಷಕ್ಕೆ ನಾಲ್ಕು ಸೋಮವಾರ ಬಾಯಿ ತುಂಬ ಪ್ಯಾನ್‌ಕೇಕ್ ಸಿಗುತ್ತೆ ಅಂತ ಅದೇ ಬಾಯಿ ಮುಚ್ಕೊಂಡಿದ್ದೆ ಪಂಚಾಕ್ಷರಯ್ಯನೋರೆ. ನಿಮಗೆ ಒಂದು ಭಾನುವಾರ ಮುಚ್ಕೊಂಡಿರೋಕೆ ಆಗಲಿಲ್ವಲ್ಲ!"